ಎ ಪ್ಲಸ್ ಮಾಡಲಾ, ಸಿಸಿಎನ್‌ಎ ಮಾಡಲಾ, ಸುಮ್ನೆ ಅಂಗಡಿಗೆ ಸೇರಿಕೊಳ್ಳಲಾ?

ಪ್ರಶ್ನೆ: ನಾನು ಗದಗ-ಬೆಟಗೇರಿಯವನು. ಬಿ.ಕಾಂ. ಮುಗಿದಿದೆ, ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಬರುತ್ತದೆ. ನಮ್ಮ ಓಣಿಯಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ವಿಂಡೋಸ್ ಹಾಕುವುದು, ರ್‍ಯಾಮ್ ಬದಲಿಸುವುದು ಎಲ್ಲ ಗೊತ್ತು. ಟೆಕ್ ಸಪೋರ್ಟ್ ಕೆಲಸಕ್ಕೆ ಹೋಗಬೇಕು ಅಂತಿದ್ದೇನೆ. ಹುಬ್ಬಳ್ಳಿಯ ಒಂದು ತರಬೇತಿ ಕೇಂದ್ರದವರು ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಎರಡೂ ಸೇರಿ, ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಮತ್ತು ಕೆಲಸದ ಗ್ಯಾರಂಟಿ ಸಮೇತ 45,000 ರೂಪಾಯಿ ಹೇಳಿದ್ದಾರೆ. ಅಪ್ಪ ಸಾಲ ಮಾಡಿ ಕೊಡುತ್ತೇನೆ ಅನ್ನುತ್ತಿದ್ದಾರೆ. ಗೆಳೆಯರಲ್ಲಿ ಒಬ್ಬ ಕಂಪ್ಯೂಟರ್ ರಿಪೇರಿ, ಸಪೋರ್ಟ್‌ನ ಎ ಪ್ಲಸ್ ಸರ್ಟಿಫಿಕೇಟ್ ಮಾಡು ಅಂತಾನೆ, ಇನ್ನೊಬ್ಬ ಗೂಗಲ್ ಕೋರ್ಸ್ ಅಂತಾನೆ, ಮತ್ತೊಬ್ಬ ನೇರವಾಗಿ ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಸಿಸಿಎನ್‌ಎ ಅಂತಾನೆ. ಇವುಗಳಿಂದ ನಿಜವಾಗಿ ಕೆಲಸ ಸಿಗುತ್ತದಾ? ಬಿ.ಕಾಂ. ಓದಿದವರನ್ನು ಈ ಲೈನಿಗೆ ತಗೊಳ್ತಾರಾ?

ಉತ್ತರ: ಮೊದಲು ಅಪ್ಪನಿಗೆ ಸಾಲ ಮಾಡಬೇಡಿ ಅಂತ ಹೇಳಿ. ಉಳಿದದ್ದು ಆಮೇಲೆ ನೋಡೋಣ.

ನಾನು ಹುಬ್ಬಳ್ಳಿಯಲ್ಲಿ ಸರ್ವಿಸ್ ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಡೆ ಇರುವವನು. ಆ ಕಡೆಯಿಂದಲೇ ಹೇಳುತ್ತೇನೆ. ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತದೆ, ಆದರೆ ಎಲ್ಲ ಕಡೆ ಅಲ್ಲ. ನಿಮ್ಮ ರೆಸ್ಯೂಮೆ ಓದುವವರು ನಿಮ್ಮನ್ನು ಕಂಡಿಲ್ಲ, ಅವರ ಮುಂದೆ ಅಂಥವೇ ರಾಶಿಗಟ್ಟಲೆ ಬಿದ್ದಿವೆ ಅನ್ನೋ ಕಡೆ ಅದಕ್ಕೆ ಬೆಲೆ ಇದೆ. ಬೆಂಗಳೂರು, ಪುಣೆಯ ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರ್ ತೊಂದರೆ ಕೇಳಿ ಸರಿಪಡಿಸುವ ಹೆಲ್ಪ್‌ಡೆಸ್ಕ್ ಹಾಗೆ. ಕೈಕೆಲಸ ನೋಡಿ ತಗೊಳ್ಳುವ ಕಡೆ ಅದನ್ನು ಯಾರೂ ಕೇಳುವುದಿಲ್ಲ. ಹಾವೇರಿ ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಅಲ್ವಾ? ನಮ್ಮ ಕಡೆಯ ಕಂಪ್ಯೂಟರ್ ಅಂಗಡಿಯವರೂ ಅಷ್ಟೇ. ಹಾಗಾಗಿ ನೀವು ಎಲ್ಲಿಗೆ ಹೋಗಬೇಕು ಅಂತ ಮೊದಲು ತೀರ್ಮಾನ ಆಗಬೇಕು. ಯಾವ ಸರ್ಟಿಫಿಕೇಟ್ ಅನ್ನೋದು ಅದರ ಹಿಂದೆ ಬರುವ ಮಾತು.

ನಮ್ಮ ಕಡೆ ಈ ಕೆಲಸ ಎಲ್ಲಿದೆ ಅಂತ ಒಂದು ಸಲ ಸುತ್ತ ನೋಡಿ. ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇದೆ, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇದೆ. ಧಾರವಾಡದಲ್ಲಿ ಹೈಕೋರ್ಟ್ ಪೀಠ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ. ಇವುಗಳ ಜೊತೆ ಆಸ್ಪತ್ರೆ, ಬ್ಯಾಂಕು, ಕಾಲೇಜು. ಇಂಥ ಕಡೆಯ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ಟೆಂಡರ್ ಮೇಲೆ ಯಾವುದೋ ಕಂಪನಿಗೆ ಹೋಗುತ್ತದೆ. ಅದು ಇನ್ನೊಂದು ಸಣ್ಣ ಏಜೆನ್ಸಿಗೆ ಕೊಡುತ್ತದೆ. ಆ ಏಜೆನ್ಸಿಯವರು ಒಬ್ಬ ಹುಡುಗನನ್ನು ಅಲ್ಲೇ ಕೂರಿಸುತ್ತಾರೆ. ಅವನೇ ರೆಸಿಡೆಂಟ್ ಇಂಜಿನಿಯರ್. ಹೆಸರು ದೊಡ್ಡದು, ಸಂಬಳ ಸಣ್ಣದು, ಆದರೆ ಕಲಿಯುವುದಕ್ಕೆ ಇದರಂಥ ಜಾಗ ಇಲ್ಲ. ಇದಲ್ಲದೆ ಬ್ರ್ಯಾಂಡ್ ಸರ್ವಿಸ್ ಸೆಂಟರ್‌ಗಳು, ಎಎಂಸಿ (ವರ್ಷದ ದುರಸ್ತಿ ಗುತ್ತಿಗೆ) ಹಿಡಿದ ಅಂಗಡಿಗಳು, ಫೈಬರ್ ಇಂಟರ್ನೆಟ್ ಕೊಡುವ ಊರಿನ ಕೇಬಲ್‌ನವರು. ಇವರಲ್ಲಿ ಎ ಪ್ಲಸ್ ಇದೆಯಾ ಅಂತ ಕೇಳುವವರು ಅಪರೂಪ. ಬೈಕ್ ಇದೆಯಾ, ಲೈಸೆನ್ಸ್ ಇದೆಯಾ ಅಂತ ಮೊದಲು ಕೇಳುತ್ತಾರೆ.

ಹಾಗಾದರೆ ಸರ್ಟಿಫಿಕೇಟ್ ಬಿಟ್ಟುಬಿಡಿ ಅಂತಲೂ ನಾನು ಹೇಳುವುದಿಲ್ಲ. ಕಾಗದ ಬೇರೆ, ಅದರ ಹಿಂದಿನ ಸಿಲೆಬಸ್ ಬೇರೆ. ಓಣಿಯಲ್ಲಿ ವಿಂಡೋಸ್ ಹಾಕಿ ಹಾಕಿ ಕಲಿತ ಹುಡುಗರಿಗೆ ಒಂದು ಕೊರತೆ ಇರುತ್ತದೆ. ಏನೇ ಕೆಟ್ಟರೂ ಅವರ ಔಷಧ ಒಂದೇ, ಫಾರ್ಮ್ಯಾಟ್. ಸಿಲೆಬಸ್ ಓದಿದವನಿಗೆ ಯಾಕೆ ಕೆಟ್ಟಿತು ಅಂತ ಹುಡುಕುವ ದಾರಿ ಗೊತ್ತಿರುತ್ತದೆ.

ಬ್ಯಾಡಗಿಯ ಒಂದು ದಲಾಲಿ ಅಂಗಡಿ ಅಂದುಕೊಳ್ಳಿ. ಟೆಂಡರ್ ದಿನ, ಮೆಣಸಿನಕಾಯಿ ಚೀಲ ಸಾಲಾಗಿ ಬಿದ್ದಿವೆ, ರೈತರು ಮಾರಾಟದ ಲೆಕ್ಕದ ಪಟ್ಟಿಗಾಗಿ ಕಾಯುತ್ತಿದ್ದಾರೆ. ಗುಮಾಸ್ತರ ಫೋನ್ ಬರುತ್ತದೆ. "ಪ್ರಿಂಟ್ ಬರವಲ್ದು ರೀ. ನಿನ್ನಿ ತನಕ ಚಲೋ ಇತ್ತು. ನಾವೇನೂ ಮಾಡಿಲ್ರಿ."

ಒಬ್ಬ ಹುಡುಗ ಹೋಗುತ್ತಾನೆ. ಪ್ರಿಂಟರ್ ಡ್ರೈವರ್ ತೆಗೆಯುತ್ತಾನೆ, ಮತ್ತೆ ಹಾಕುತ್ತಾನೆ, ಪ್ರಿಂಟ್‌ಗಳ ಸರದಿ ನೋಡಿಕೊಳ್ಳುವ ಸ್ಪೂಲರ್ ಆಫ್ ಮಾಡಿ ಆನ್ ಮಾಡುತ್ತಾನೆ. ಟೋನರ್ ಅಲ್ಲಾಡಿಸುತ್ತಾನೆ. ಕಡೆಗೆ, ವಿಂಡೋಸ್ ಹೊಸದಾಗಿ ಹಾಕಬೇಕು ರೀ ಅಂತಾನೆ. ಟ್ಯಾಲಿ ಡೇಟಾ ಇರುವ ಮಷೀನು ಅದು, ಸಾಹುಕಾರರ ಮುಖ ಬಾಡುತ್ತದೆ.

ಇನ್ನೊಬ್ಬ ಮೊದಲು ಕೇಳುತ್ತಾನೆ. "ರಾತ್ರಿ ಕರೆಂಟ್ ಹೋಗಿತ್ತೇನ್ರೀ?" ಹೋಗಿತ್ತು. ಪ್ರಿಂಟರ್ ನೆಟ್‌ವರ್ಕ್ ಮೇಲೆ ಇದೆ. ಪ್ರಿಂಟರ್‌ನಿಂದಲೇ ಅದರ ಸೆಟ್ಟಿಂಗ್ ಹಾಳೆ ಪ್ರಿಂಟ್ ತೆಗೆಯುತ್ತಾನೆ. ಅದರಲ್ಲಿ ಐಪಿ ವಿಳಾಸ 192.168.1.14 ಅಂತ ಇದೆ. ಕಂಪ್ಯೂಟರ್‌ನಲ್ಲಿ ಆ ಪ್ರಿಂಟರ್‌ನ ಪೋರ್ಟ್ (ಯಾವ ವಿಳಾಸಕ್ಕೆ ಕಳಿಸಬೇಕು ಅನ್ನೋ ಸೆಟ್ಟಿಂಗ್) ತೆಗೆದು ನೋಡಿದರೆ 192.168.1.9. ಅಷ್ಟೇ ಕಥೆ. ರೂಟರ್‌ಗೆ ಕರೆಂಟ್ ಹೋಗಿ ಬಂದಿದೆ. ಸಾದಾ ರೂಟರ್‌ಗಳು ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಅನ್ನೋದನ್ನು ಆಗ ಮರೆತುಬಿಡುವುದುಂಟು. ಪ್ರಿಂಟರ್‌ಗೆ ಹೊಸ ವಿಳಾಸ ಸಿಕ್ಕಿದೆ, ಕಂಪ್ಯೂಟರ್ ಇನ್ನೂ ಹಳೇ ವಿಳಾಸಕ್ಕೇ ಕಾಗದ ಕಳಿಸುತ್ತಿದೆ. ಹುಡುಗ ಪೋರ್ಟ್ ಸರಿ ಮಾಡುತ್ತಾನೆ. ಅಲ್ಲಿಗೇ ಬಿಡುವುದಿಲ್ಲ. ರೂಟರ್ ಒಳಗೆ ಹೋಗಿ ಆ ಪ್ರಿಂಟರ್‌ಗೆ ಇನ್ನು ಮೇಲೆ ಇದೇ ವಿಳಾಸ ಅಂತ ಕಾಯಂ ಮಾಡಿ ಬರುತ್ತಾನೆ. ಇಲ್ಲದಿದ್ದರೆ ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಫೋನ್ ಬರುತ್ತದಲ್ಲ.

ರೂಟರ್ ಹೀಗೆ ವಿಳಾಸ ಹಂಚುವುದಕ್ಕೆ ಡಿಎಚ್‌ಸಿಪಿ ಅಂತಾರೆ. ಅದು ಅಂದರೇನು ಅಂತ ಕೇಳಿದರೆ ಮೊದಲನೆಯವನೂ ಹೇಳಿಯಾನು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದರೆ. ಆದರೆ ಮೆಣಸಿನಕಾಯಿ ಘಾಟಿನ ನಡುವೆ ಅದು ನೆನಪಿಗೆ ಬಂತಾ ಅನ್ನೋದು ನನಗೆ ಮುಖ್ಯ. (ಬ್ಯಾಡಗಿಯಲ್ಲಿ ಸಿಪಿಯು ಡಬ್ಬಿ ಬಿಚ್ಚುವ ಕೆಲಸ ಬಂದರೆ ಬ್ಲೋವರ್ ಹಚ್ಚುವ ಮುಂಚೆ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿ. ಫ್ಯಾನಿನಲ್ಲಿ ಕೂತ ಕೆಂಪು ಧೂಳು ಯಾವ ಸಿಲೆಬಸ್‌ನಲ್ಲೂ ಇಲ್ಲ.)

ಈಗ ನಿಮ್ಮ ಗೆಳೆಯರು ಹೇಳಿದ ಒಂದೊಂದನ್ನೂ ನೋಡೋಣ.

ಎ ಪ್ಲಸ್ ಕೊಡುವುದು ಅಮೆರಿಕದ ಕಾಂಪ್ಟಿಯಾ. 1993ರಿಂದ ನಡೆಯುತ್ತಿದೆ. ಇದು ಒಂದು ಪರೀಕ್ಷೆ ಅಲ್ಲ, ಎರಡು: ಕೋರ್ 1, ಕೋರ್ 2. ಎರಡಕ್ಕೂ ಬೇರೆ ಬೇರೆ ಫೀ. ಒಂದೊಂದಕ್ಕೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಂಕ 100ರಿಂದ 900ರ ಲೆಕ್ಕದಲ್ಲಿ, ಪಾಸಾಗಲು ಕೋರ್ 1ಕ್ಕೆ 675, ಕೋರ್ 2ಕ್ಕೆ 700 ಬೇಕು. ಸರ್ಟಿಫಿಕೇಟ್ 3 ವರ್ಷ ಚಾಲ್ತಿಯಲ್ಲಿರುತ್ತದೆ, ಆಮೇಲೆ ನವೀಕರಿಸಬೇಕು. ಮಾರ್ಚ್ 2025ರಲ್ಲಿ ಹೊಸ ಆವೃತ್ತಿ ಬಂತು, ನಂಬರ್ 220-1201 ಮತ್ತು 220-1202. ಹಿಂದಿನ 1101, 1102 ಪರೀಕ್ಷೆಗಳು ಅದೇ ಸೆಪ್ಟೆಂಬರ್‌ನಲ್ಲಿ ನಿಂತವು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹಳೇ ಪುಸ್ತಕ ಇಟ್ಟುಕೊಂಡು ಪಾಠ ಮಾಡುವ ಕ್ಲಾಸುಗಳಿಗೆ ಬರವಿಲ್ಲ. ಹೋಗಿ ಯಾವ ನಂಬರ್ ಪಾಠ ಮಾಡ್ತೀರಿ ಅಂತ ಕೇಳಿ, ಉತ್ತರದಲ್ಲೇ ತಿಳಿಯುತ್ತದೆ.

ಎ ಪ್ಲಸ್ ಸಿಲೆಬಸ್ ನನಗೆ ಬಹಳ ಇಷ್ಟ. ಕೋರ್ 1ರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬರೀ ತೊಂದರೆ ಹುಡುಕುವುದೇ ಇದೆ. ಕೋರ್ 2ರಲ್ಲಿ ಗಿರಾಕಿ ಜೊತೆ ಹೇಗೆ ಮಾತಾಡಬೇಕು, ಟಿಕೆಟ್ (ಒಂದೊಂದು ದೂರಿನ ದಾಖಲೆ) ಹೇಗೆ ಬರೆಯಬೇಕು ಅನ್ನೋದಕ್ಕೂ ಅಂಕ ಇದೆ. ತೊಂದರೆ ಹುಡುಕಲು ಅವರು 6 ಹೆಜ್ಜೆ ಹೇಳಿಕೊಡುತ್ತಾರೆ. ಏನಾಗಿದೆ ಅಂತ ವಿಚಾರಿಸು, ಕಾರಣ ಏನಿರಬಹುದು ಅಂತ ಊಹಿಸು, ಊಹೆ ಸರಿಯಾ ಅಂತ ಪರೀಕ್ಷಿಸು, ಯೋಚನೆ ಮಾಡಿ ಸರಿಪಡಿಸು, ಎಲ್ಲ ಮೊದಲಿನಂತೆ ನಡೆಯುತ್ತಿದೆಯಾ ನೋಡು, ಮಾಡಿದ್ದನ್ನು ಬರೆದಿಡು. ಬ್ಯಾಡಗಿಯ ಎರಡನೇ ಹುಡುಗ ಮಾಡಿದ್ದು ಇದನ್ನೇ. ನಮ್ಮ ಹುಡುಗರು ಐದನ್ನು ಹೇಗೋ ಮಾಡುತ್ತಾರೆ. ಆರನೆಯದಕ್ಕೆ ಬಂದಾಗ "ಆತ್ ಬಿಡ್ರಿ" ಅಂತ ಬೈಕ್ ಹತ್ತುತ್ತಾರೆ.

ಆದರೆ ಇಂಡಿಯಾದ ಕೆಲಸದ ಜಾಹೀರಾತುಗಳಲ್ಲಿ ಎ ಪ್ಲಸ್ ಹೆಸರು ಅಮೆರಿಕದಲ್ಲಿ ಕಾಣುವಷ್ಟು ಕಾಣುವುದಿಲ್ಲ. ಇಲ್ಲಿ ಸಿಸಿಎನ್‌ಎ ಅಂತ ಜಾಸ್ತಿ ಬರೆಯುತ್ತಾರೆ. ಕೆಲವರಂತೂ ಇನ್ನೂ ಎಂಸಿಎಸ್‌ಎ ಬೇಕು ಅಂತ ಹಾಕುತ್ತಾರೆ. ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿದ್ದು 2021ರ ಜನವರಿಯಲ್ಲಿ! ಹಳೇ ಜಾಹೀರಾತನ್ನೇ ಕಾಪಿ ಮಾಡಿ ಹಾಕಿರುತ್ತಾರೆ, ಅದನ್ನು ನೋಡಿ ಹೆದರಬೇಡಿ. ಎಂಟಿಎ ಅನ್ನುವ ಅವರದೇ ಶುರುವಾತಿನ ಸರ್ಟಿಫಿಕೇಟ್ ಕೂಡ 2022ರ ಜೂನ್‌ನಲ್ಲಿ ಮುಗಿದಿದೆ. ಯಾರಾದರೂ ಇವನ್ನು ಕೊಡಿಸುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಹೀಗಾಗಿ ನನ್ನ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಎ ಪ್ಲಸ್ ಓದಿ, ಪರೀಕ್ಷೆ ಕಟ್ಟಬೇಡಿ. ಕನಿಷ್ಠ ಈಗಲೇ ಬೇಡ. ಸಿಲೆಬಸ್ಸಿನ ಪೂರ್ತಿ ಪಟ್ಟಿ ಕಾಂಪ್ಟಿಯಾದ ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಯೂಟ್ಯೂಬ್‌ನಲ್ಲಿ ಪ್ರೊಫೆಸರ್ ಮೆಸ್ಸರ್ ಹೆಸರಿನಲ್ಲಿ ಇಡೀ ಪಾಠ ಪುಕ್ಕಟೆ ಇದೆ. ಇಂಗ್ಲಿಷಿನಲ್ಲಿದೆ, ಆದರೆ ಸಣ್ಣ ಸಣ್ಣ ವಿಡಿಯೊ, ನಿಧಾನ ಮಾತು. ಮೊದಮೊದಲು ಸಬ್‌ಟೈಟಲ್ ಹಾಕಿಕೊಂಡು ನೋಡಿ. ಅದರಿಂದ ಇಂಗ್ಲಿಷ್ ಕಿವಿಗೂ ಬೀಳುತ್ತದೆ.

ಗೂಗಲ್ ಐಟಿ ಸಪೋರ್ಟ್ ಕೋರ್ಸ್ 2018ರಲ್ಲಿ ಶುರುವಾದದ್ದು, ಕೋರ್ಸೆರಾ ಅನ್ನುವ ಆನ್‌ಲೈನ್ ಪಾಠದ ಸೈಟಿನಲ್ಲಿ ಸಿಗುತ್ತದೆ. ಸಪೋರ್ಟ್‌ನ ಮೂಲ ಪಾಠ, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್, ಸಿಸ್ಟಮ್ ಅಡ್ಮಿನ್, ಸೆಕ್ಯುರಿಟಿ ಎಲ್ಲ ಇವೆ. ತಿಂಗಳ ಲೆಕ್ಕದಲ್ಲಿ ಫೀ. ಹಣದ ಅಡಚಣೆ ಇದ್ದವರು ಅರ್ಜಿ ಹಾಕಿದರೆ ರಿಯಾಯಿತಿ ಕೊಡುವ ವ್ಯವಸ್ಥೆ ಇದೆ, ಸಂಕೋಚ ಪಡದೆ ಹಾಕಿ. ಒಂದು ವಿಷಯ ಗಮನದಲ್ಲಿರಲಿ. ಇಲ್ಲಿ ಕ್ಯಾಮೆರಾ ಮುಂದೆ ಕೂತು ಬರೆಯುವ ಕಟ್ಟುನಿಟ್ಟಿನ ಪರೀಕ್ಷೆ ಇಲ್ಲ. ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್ ಅದು. ಕಂಪನಿಯವರಿಗೂ ಇದು ಗೊತ್ತು. ಆದರೂ ನಿಮ್ಮಂತೆ ಬೇರೆ ಓದು ಓದಿದವರಿಗೆ ಇದು ಒಳ್ಳೆಯದು, ಯಾಕೆಂದರೆ ಈ ಹುಡುಗನಿಗೆ ಈ ಲೈನಿನ ಬಗ್ಗೆ ಗಂಭೀರ ಆಸಕ್ತಿ ಇದೆ ಅಂತ ರೆಸ್ಯೂಮೆಯಲ್ಲಿ ತೋರಿಸುತ್ತದೆ.

ಸಿಸಿಎನ್‌ಎ ಬೇರೆ ಮಟ್ಟದ್ದು. ನಂಬರ್ 200-301, 120 ನಿಮಿಷ, ಫೀ 300 ಡಾಲರ್. ತೆರಿಗೆ ಸೇರಿದರೆ 25,000 ರೂಪಾಯಿ ದಾಟುತ್ತದೆ. ಪಾಸಾಗದಿದ್ದರೆ ಮತ್ತೆ ಅಷ್ಟೇ ಕಟ್ಟಬೇಕು. ನೆಟ್‌ವರ್ಕ್ ಕಡೆಗೇ ಹೋಗುತ್ತೇನೆ, ರೌಟಿಂಗ್, ಸ್ವಿಚಿಂಗ್ ನನಗೆ ಹಿಡಿಸುತ್ತದೆ ಅಂತ ಗಟ್ಟಿಯಾದ ಮೇಲೆ ಇದು ಒಳ್ಳೇ ಸರ್ಟಿಫಿಕೇಟ್. ಪ್ರಿಂಟರ್, ಔಟ್‌ಲುಕ್, ಪಾಸ್‌ವರ್ಡ್ ನೋಡುವ ಮೊದಲ ಕೆಲಸಕ್ಕೆ ಇದು ಜಾಸ್ತಿ ಆಯಿತು. ಬದಲಿಗೆ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಪುಕ್ಕಟೆ ಕೋರ್ಸ್ ಮಾಡಿ. ಅವರ ಪ್ಯಾಕೆಟ್ ಟ್ರೇಸರ್ ಅನ್ನುವ ಸಾಫ್ಟ್‌ವೇರ್ ಕೂಡ ಪುಕ್ಕಟೆ. ಒಂದು ರೂಟರ್ ಕೊಳ್ಳದೆ ಲ್ಯಾಪ್‌ಟಾಪ್‌ನಲ್ಲೇ ಇಡೀ ಆಫೀಸಿನ ನೆಟ್‌ವರ್ಕ್ ಕಟ್ಟಿ, ಬೇಕಂತಲೇ ಕೆಡಿಸಿ, ಸರಿ ಮಾಡಬಹುದು.

ಐಟಿ ಸೇವೆ ನಡೆಸುವ ಪದ್ಧತಿ ಕಲಿಸುವ ಐಟಿಲ್ ಅಂತಲೂ ಯಾರಾದರೂ ಹೇಳುತ್ತಾರೆ. ಈಗ ಬೇಡ, ಕಂಪನಿಗೆ ಸೇರಿದ ಮೇಲೆ ಬೇಕಾದರೆ ಅವರೇ ಮಾಡಿಸುತ್ತಾರೆ. ಇನ್ಸಿಡೆಂಟ್ ಅಂದರೇನು, ಸರ್ವಿಸ್ ರಿಕ್ವೆಸ್ಟ್ ಅಂದರೇನು, ಎಸ್‌ಎಲ್‌ಎ (ಎಷ್ಟು ಹೊತ್ತಿನಲ್ಲಿ ಸರಿಪಡಿಸಬೇಕು ಅನ್ನೋ ಒಪ್ಪಂದ) ಅಂದರೇನು ಅಷ್ಟು ತಿಳಿದಿದ್ದರೆ ಸಾಕು. ಸರ್ಕಾರಿ ಕೆಲಸ ಮನಸ್ಸಿನಲ್ಲಿದ್ದರೆ ಮಾತ್ರ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಎ ಪ್ಲಸ್, ಗೂಗಲ್ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆಯ ಒ ಲೆವೆಲ್, ಐಟಿಐನ ಕೋಪಾ (ಕಂಪ್ಯೂಟರ್ ಆಪರೇಟರ್) ಟ್ರೇಡ್ ಇಂಥವು ನಡೆಯುತ್ತವೆ. ಅಧಿಸೂಚನೆಯಲ್ಲಿ ಏನು ಬರೆದಿದೆಯೋ ಅದೇ ಬೇಕು, ಅದಕ್ಕೆ ಸಮ ಅಂತ ವಾದ ಮಾಡಿದರೆ ಕೇಳುವವರಿಲ್ಲ.

ಇನ್ನು ಆ 45,000ದ ಕ್ಲಾಸ್. ಎಲ್ಲ ತರಬೇತಿ ಕೇಂದ್ರಗಳೂ ಮೋಸ ಅಂತ ನಾನು ಹೇಳುವುದಿಲ್ಲ. ಕೆಲವು ಕಡೆ ಮೇಷ್ಟ್ರು ಒಳ್ಳೆಯವರಿರುತ್ತಾರೆ, ಬಿಚ್ಚಿ ಜೋಡಿಸಲು ಹಳೇ ಮಷೀನ್ ಇರುತ್ತವೆ. ಆದರೆ ಮೂರು ವಿಷಯ ಕೇಳದೆ ದುಡ್ಡು ಕೊಡಬೇಡಿ. ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಅಂತೀರಲ್ಲ, ಪರೀಕ್ಷೆ ನಡೆಸುವವರು ಯಾರು? ಕಾಂಪ್ಟಿಯಾ, ಸಿಸ್ಕೊ ಎರಡರ ಪರೀಕ್ಷೆಯೂ ಪಿಯರ್ಸನ್ ವ್ಯೂ ಮೂಲಕ ನಡೆಯುತ್ತದೆ. ಅದರ ಹೆಸರೇ ಬರದಿದ್ದರೆ, ಸಿಗುವುದು ಅವರ ಪ್ರಿಂಟರ್‌ನಲ್ಲಿ ಹೊಡೆದ, ಬಂಗಾರದ ಸೀಲ್ ಹಚ್ಚಿದ ಕಾಗದ. ಪರೀಕ್ಷೆಯ ಫೀ 45,000ದ ಒಳಗೇ ಇದೆಯಾ, ಆಮೇಲೆ ಬೇರೆ ಕೇಳುತ್ತೀರಾ? ಹೋದ ಬ್ಯಾಚಿನವರು ಎಲ್ಲಿ ಕೆಲಸ ಮಾಡುತ್ತಿದ್ದಾರೆ, ಇಬ್ಬರ ಜೊತೆ ಮಾತಾಡಬಹುದಾ? ಇದಕ್ಕೆ ಗೋಡೆ ಮೇಲಿನ ಫೋಟೊ ತೋರಿಸಿದರೆ ಸಾಲದು, ಫೋನಿನಲ್ಲಿ ಮಾತಾಡಿ.

ನೂರಕ್ಕೆ ನೂರು ಪಾಸ್ ಗ್ಯಾರಂಟಿ ಅಂದರೆ ಇನ್ನೂ ಎಚ್ಚರ ಬೇಕು. ಕಳ್ಳತನದಿಂದ ಹೊರಬಂದ ಪ್ರಶ್ನೆ-ಉತ್ತರದ ಕಟ್ಟು ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಅದಕ್ಕೆ ಡಂಪ್ ಅಂತಾರೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಮುಂದೆ ಪರೀಕ್ಷೆಗೇ ಕೂರದಂತೆ ತಡೆಯುತ್ತಾರೆ. ಸಿಕ್ಕಿಬೀಳದಿದ್ದರೂ ಇಂಟರ್‌ವ್ಯೂನಲ್ಲಿ ಬಣ್ಣ ಬಯಲಾಗುತ್ತದೆ.

ಆ ಇಂಟರ್‌ವ್ಯೂ ಹೇಗಿರುತ್ತದೆ ಅಂತಲೂ ಹೇಳುತ್ತೇನೆ. ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ. "ಗಿರಾಕಿ ಫೋನ್ ಮಾಡಿ ಇಂಟರ್ನೆಟ್ ಬರ್ತಿಲ್ಲ ಅಂದರು. ಏನ್ ಮಾಡ್ತೀರಿ?" ಬಹಳ ಜನ ತಕ್ಷಣ "ರೂಟರ್ ರೀಸ್ಟಾರ್ಟ್ ಮಾಡ್ರಿ ಅಂತೀನಿ ಸರ್" ಅಂತಾರೆ. ನನಗೆ ಬೇಕಾದವನು ಎದುರು ಪ್ರಶ್ನೆ ಹಾಕುತ್ತಾನೆ. ಒಂದೇ ಕಂಪ್ಯೂಟರ್‌ಗೆ ಬರ್ತಿಲ್ವಾ, ಎಲ್ಲಕ್ಕೂ ಬರ್ತಿಲ್ವಾ? ಯಾವಾಗಿನಿಂದ? ವೈಫೈನಾ, ವೈರಾ? ಆಮೇಲೆ ಕಂಪ್ಯೂಟರ್‌ನ ಐಪಿ ವಿಳಾಸ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಹೊಡೆಸುತ್ತಾನೆ. ವಿಳಾಸ 169.254ರಿಂದ ಶುರುವಾದರೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ, ಕೇಬಲ್ ಅಥವಾ ಡಿಎಚ್‌ಸಿಪಿ ನೋಡಬೇಕು. ವಿಳಾಸ ಸರಿ ಇದ್ದರೆ ಗೇಟ್‌ವೇಗೆ, ಅಂದರೆ ರೂಟರ್‌ಗೆ, ಪಿಂಗ್ ಮಾಡಿ ಉತ್ತರ ಬರುತ್ತದಾ ನೋಡುತ್ತಾನೆ. ಅದೂ ಸರಿ ಇದ್ದರೆ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ 8.8.8.8ಕ್ಕೆ ಪಿಂಗ್. ಅದಕ್ಕೆ ಉತ್ತರ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ವೆಬ್‌ಸೈಟ್ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಮೇಲೆ ಅನುಮಾನ. ಇಷ್ಟನ್ನು ತಡವರಿಸದೆ, ಒಂದರ ಹಿಂದೆ ಒಂದು ಹೇಳಿದರೆ ಅವನ ಸರ್ಟಿಫಿಕೇಟ್ ನಾನು ತೆರೆದೂ ನೋಡುವುದಿಲ್ಲ.

ಎರಡನೆಯದಾಗಿ, ಅದನ್ನೇ ಕಂಪ್ಯೂಟರ್ ಗೊತ್ತಿಲ್ಲದವರಿಗೆ ಫೋನಿನಲ್ಲಿ ಹೇಳಿ ತೋರಿಸು ಅಂತೀನಿ. "ಸ್ಟಾರ್ಟ್ ಒತ್ರಿ" ಅಂದರೆ ಕೆಲವರು ಸೀದಾ ಸಿಪಿಯುದ ಪವರ್ ಬಟನ್ ಒತ್ತಿಬಿಡುತ್ತಾರೆ. "ಪರದೆಯ ಕೆಳಗೆ ನೀಲಿ ಬಣ್ಣದ ನಾಲ್ಕು ಚೌಕ ಕಾಣ್ತದಲ್ರಿ, ಮೌಸ್‌ನಿಂದ ಅದರ ಮೇಲೆ ಒಮ್ಮೆ ಒತ್ರಿ" ಅಂತ ಹೇಳುವ ಹುಡುಗ ಬೇಕು. ಬೆಂಗಳೂರಿನ ಹೆಲ್ಪ್‌ಡೆಸ್ಕ್‌ನಲ್ಲಿ ಇದನ್ನೇ ಇಂಗ್ಲಿಷ್, ಹಿಂದಿಯಲ್ಲಿ ಹೇಳಬೇಕು. ನಮ್ಮ ಹುಡುಗರು ಅಲ್ಲಿ ಹಿಂದೆ ಬೀಳುವುದು ಟೆಕ್ನಿಕಲ್ ವಿಷಯದಲ್ಲಿ ಅಲ್ಲ, ಮಾತಿನಲ್ಲಿ. ಟಿಕೆಟ್‌ನಲ್ಲಿ ನಾಲ್ಕು ಸಾಲು ಇಂಗ್ಲಿಷ್ ಬರೆಯಲು ಬಂದರೆ ಅರ್ಧ ಯುದ್ಧ ಗೆದ್ದ ಹಾಗೆ. ದಿನಾ ನೀವು ಓಣಿಯಲ್ಲಿ ಸರಿ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಬರೆಯುತ್ತಾ ಹೋಗಿ: ಏನು ತೊಂದರೆ, ಏನು ನೋಡಿದೆ, ಏನು ಮಾಡಿದೆ. ಇಂಟರ್‌ವ್ಯೂಗೆ ಹೋಗುವಾಗ ಆ ವಹಿಯನ್ನೇ ತಗೊಂಡು ಹೋಗಿ. ನನ್ನ ಮುಂದೆ ಯಾರಾದರೂ ಅಂಥದ್ದೊಂದು ಇಟ್ಟರೆ ನಾನು ಕೂತು ಓದುತ್ತೇನೆ.

ಈಗ ಬಿ.ಕಾಂ. ಪ್ರಶ್ನೆ. ಇದನ್ನು ನೀವು ಕೊರತೆ ಅಂತ ಬರೆದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಕಂಡ ದೊಡ್ಡ ಬಂಡವಾಳವೇ ಇದು. ರ್‍ಯಾಮ್ ಬದಲಿಸುವ ಹುಡುಗರು ಸಾಕಷ್ಟು ಸಿಗುತ್ತಾರೆ. ಟ್ಯಾಲಿ ಸ್ಕ್ರೀನ್ ನೋಡಿ ಇದು ಸಾಫ್ಟ್‌ವೇರ್ ತೊಂದರೆ ಅಲ್ಲ, ಎಂಟ್ರಿ ತಪ್ಪಿದೆ ಅಂತ ಹೇಳುವವರು ಸಿಗುವುದಿಲ್ಲ. ಜಿಎಸ್‌ಟಿ ಬಿಲ್ಲಿಂಗ್, ಆಸ್ಪತ್ರೆ ಬಿಲ್ಲಿಂಗ್, ಸೊಸೈಟಿ ಸಾಫ್ಟ್‌ವೇರ್, ಇವುಗಳಿಗೆ ಸಪೋರ್ಟ್ ಕೊಡುವ ಕೆಲಸಕ್ಕೆ ಅಪ್ಲಿಕೇಶನ್ ಸಪೋರ್ಟ್ ಅಂತಾರೆ. ಇಂಜಿನಿಯರಿಂಗ್ ಓದಿದ ಹುಡುಗನಿಗೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತ ಹೇಳಿಕೊಡುವುದಕ್ಕಿಂತ ನಿಮಗೆ ಡಿಎನ್‌ಎಸ್ ಹೇಳಿಕೊಡುವುದು ಸಲೀಸು.

ನಿಮ್ಮ ಊರನ್ನೇ ನೋಡಿ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು ಗದಗ ತಾಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರ ಕೈಯಲ್ಲಿ ಅಂತ ಶಾಲೆಯಲ್ಲಿ ಓದಿರುತ್ತೀರಿ. ಇವತ್ತೂ ನಮ್ಮ ಜಿಲ್ಲೆಗಳಲ್ಲಿ ಪತ್ತಿನ ಸಂಘ ಇಲ್ಲದ ಊರು ಕಡಿಮೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರ್‌ಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಡ್ಜರ್ ವಹಿಯಲ್ಲಿ ಬರೆದು ರೂಢಿ ಇರುವ ಕಾರ್ಯದರ್ಶಿಗಳು ಸ್ಕ್ರೀನ್ ಮುಂದೆ ಕೂತು, ಸಾಲದ ಬಾಕಿ ಹಳೇ ವಹಿಗೂ ಕಂಪ್ಯೂಟರ್‌ಗೂ ತಾಳೆ ಆಗ್ತಿಲ್ಲ ಅಂತ ತಲೆ ಕೆರೆದುಕೊಳ್ಳುವಾಗ ಪಕ್ಕದಲ್ಲಿ ಕೂರಲು ಯಾರು ಬೇಕು? ಲೆಕ್ಕ ಗೊತ್ತಿರುವ, ಕಂಪ್ಯೂಟರ್ ಗೊತ್ತಿರುವ, ಕನ್ನಡದಲ್ಲಿ ಸಮಾಧಾನವಾಗಿ ಮಾತಾಡುವ ಹುಡುಗ. ಇಂಥ ಕೆಲಸಕ್ಕೆ ನಿಮ್ಮ ಬಿ.ಕಾಂ. ಅಂಕಪಟ್ಟಿಯೇ ಸರ್ಟಿಫಿಕೇಟ್. ಸಾಫ್ಟ್‌ವೇರ್ ಮಾರುವ ಏಜೆನ್ಸಿಗಳನ್ನು, ಟ್ಯಾಲಿ ಪಾರ್ಟ್‌ನರ್‌ಗಳನ್ನು ನೇರವಾಗಿ ಹೋಗಿ ಕೇಳಿ. ಇಂಥ ಕೆಲಸಗಳಿಗೆ ಜಾಹೀರಾತು ಹಾಕುವವರು ಕಡಿಮೆ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ನಮ್ಮ ಕಡೆಯ ಅಂಗಡಿ, ಪ್ರೆಸ್, ಸಣ್ಣ ಆಸ್ಪತ್ರೆಗಳಲ್ಲಿ ಎಷ್ಟೋ ಹಳೇ ಮಷೀನ್‌ಗೆ ಅದಿಲ್ಲ. ಯಾವುದು ಏರಿಸಬಹುದು, ಯಾವುದು ಬದಲಿಸಬೇಕು, ಡೇಟಾ ಹೇಗೆ ಸಾಗಿಸಬೇಕು ಅನ್ನೋದು ಈಗ ದಿನನಿತ್ಯದ ಕೆಲಸ. ಗದಗಿನ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಹಳೇ ಕನ್ನಡ ಫಾಂಟ್, ಹಳೇ ಪೇಜ್‌ಮೇಕರ್ ಫೈಲ್‌ಗಳನ್ನೂ ಜೋಪಾನ ಮಾಡಬೇಕಾಗುತ್ತದೆ. ನೀವು ಕಲಿಯಲು ಬೇರೆ ಲ್ಯಾಬ್ ಹುಡುಕಬೇಕಿಲ್ಲ.

ದುಡ್ಡು ಕೇಳುವ ಕೆಲಸ ನಂಬಬೇಡಿ. ಆಫರ್ ಲೆಟರ್‌ಗೆ ಡೆಪಾಸಿಟ್, ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಅಂದರೆ ಅಲ್ಲಿಗೇ ಕೈಬಿಡಿ. ಟೆಕ್ ಸಪೋರ್ಟ್ ಹೆಸರಿನಲ್ಲೇ ಇನ್ನೊಂದು ದಂಧೆ ಇದೆ. ವಿದೇಶದ ವಯಸ್ಸಾದವರ ಕಂಪ್ಯೂಟರ್‌ನಲ್ಲಿ ವೈರಸ್ ಬಂದಿದೆ ಅಂತ ಸುಳ್ಳು ಪರದೆ ತೋರಿಸಿ, ಫೋನ್ ಮಾಡಿಸಿ, ದುಡ್ಡು ಕಿತ್ತುಕೊಳ್ಳುವ ಕಾಲ್ ಸೆಂಟರ್‌ಗಳು. ಸಿಬಿಐ ಇಂಥವುಗಳ ಮೇಲೆ ದಾಳಿ ಮಾಡಿದೆ. ರಾತ್ರಿ ಪಾಳಿ, ಅನುಭವ ಬೇಡ, ಸಂಬಳ ಜಾಸ್ತಿ, ಕಂಪನಿ ಹೆಸರು ಮಾತ್ರ ಕೇಳಬೇಡಿ ಅಂದರೆ ಅದೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ನಾಳೆಯಿಂದಲೇ ಎ ಪ್ಲಸ್ ಪಾಠ ಪುಕ್ಕಟೆ ಶುರು ಮಾಡುತ್ತಿದ್ದೆ, ಬೆಳಿಗ್ಗೆ ಒಂದು ತಾಸು. ಲ್ಯಾಪ್‌ಟಾಪ್‌ನಲ್ಲಿ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್ ಬಾಕ್ಸ್ ಹಾಕಿ, ಮೈಕ್ರೋಸಾಫ್ಟ್ 180 ದಿನ ಪುಕ್ಕಟೆ ಕೊಡುವ ವಿಂಡೋಸ್ ಸರ್ವರ್ ಇಳಿಸಿಕೊಂಡು, ಯೂಸರ್ ಮಾಡುವುದು, ಪಾಸ್‌ವರ್ಡ್ ಬದಲಿಸುವುದು, ಫೋಲ್ಡರ್‌ಗೆ ಅನುಮತಿ ಕೊಡುವುದು ಕಲಿಯುತ್ತಿದ್ದೆ. ಹೆಲ್ಪ್‌ಡೆಸ್ಕ್‌ನ ಮೊದಲ ವರ್ಷದ ಕೆಲಸ ಬಹುತೇಕ ಅದೇ. ಲಿನಕ್ಸ್ ಬೇಕೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಪಾಠ ಇದೆ. ಹಗಲು ಗದಗ ಅಥವಾ ಹುಬ್ಬಳ್ಳಿಯ ಯಾವುದಾದರೂ ಸರ್ವಿಸ್ ಅಂಗಡಿ ಸೇರುತ್ತಿದ್ದೆ, ಸಂಬಳ ಕಡಿಮೆ ಇದ್ದರೂ. ಪದವೀಧರರಿಗೆ ಅಪ್ರೆಂಟಿಸ್ ಕೊಡಿಸುವ ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲೂ ಹೆಸರು ಹಾಕುತ್ತಿದ್ದೆ, ಈಗ ಬಿ.ಕಾಂ.ನವರಿಗೂ ಅವಕಾಶ ಇದೆ.

ಜೊತೆಗೆ ವಾರಕ್ಕೊಮ್ಮೆ ಕೂತು ನನಗೆ ಬೇಕಾದ ಊರಿನ, ನನಗೆ ಬೇಕಾದ ಕೆಲಸದ ಜಾಹೀರಾತುಗಳನ್ನು ಓದಿ, ಅದರಲ್ಲಿ ಯಾವ ಸರ್ಟಿಫಿಕೇಟ್ ಕೇಳಿದ್ದಾರೆ ಅಂತ ಗುರುತು ಹಾಕುತ್ತಿದ್ದೆ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಆ ಒಂದಕ್ಕೆ, ನನ್ನ ಸಂಬಳದ ದುಡ್ಡಿನಲ್ಲಿ, ಪರೀಕ್ಷೆ ಕಟ್ಟುತ್ತಿದ್ದೆ. ಸೇರಿದ ಕಂಪನಿಯೇ ಫೀ ಕೊಡುತ್ತದೆ ಅಂದರೆ ಅಲ್ಲಿಯವರೆಗೂ ಕಾಯುತ್ತಿದ್ದೆ. ಅಷ್ಟರಲ್ಲಿ ಕ್ಲಾಸಿನವರು ಫೋನ್ ಮಾಡಿ ಸೀಟು ಎರಡೇ ಉಳಿದಿವೆ, ಇವತ್ತೇ ಕಟ್ಟಿದರೆ 10,000 ಕಡಿಮೆ ಅಂತಾರೆ. ಮುಂದಿನ ತಿಂಗಳೂ ಎರಡೇ ಸೀಟು ಉಳಿದಿರುತ್ತವೆ, ನೋಡ್ತಿರಿ.